ಕಾರಿಗೆ ಜೆನಾನ್ ಹೆಡ್‌ಲೈಟ್ ಹಾಕಿಸಿದೆ, ಆಮೇಲೆ ತೆಗೆಸಿದೆ: ಹತ್ತು ತಿಂಗಳ ಅನುಭವ

ಮೊನ್ನೆ ಸೋಮವಾರ ನನ್ನ ಕಾರಿನ ಹೊಸ ಆರ್‌ಸಿ ಕಾರ್ಡ್ ಅಂಚೆಯಲ್ಲಿ ಬಂತು. ಕವರ್ ಒಡೆದು ನೋಡಿ ದೊಡ್ಡದಾಗಿ ಉಸಿರು ಬಿಟ್ಟೆ. ಈ ಕಾರ್ಡಿಗೂ ಹೆಡ್‌ಲೈಟಿಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ, ಅದನ್ನೇ ಬರೆಯುತ್ತಿದ್ದೇನೆ. ಎಚ್‌ಐಡಿ (ಜೆನಾನ್ ಲೈಟ್) ಹಾಕಿಸೋಣ, ಪ್ರೊಜೆಕ್ಟರ್ (ಬೆಳಕನ್ನು ಲೆನ್ಸಿನ ಮೂಲಕ ರಸ್ತೆಗೆ ಬಿಡುವ ಲೈಟ್) ಹಾಕಿಸೋಣ ಅಂತ ಯೋಚಿಸುತ್ತಿರುವವರು ದುಡ್ಡು ಕೊಡುವ ಮೊದಲು ಒಮ್ಮೆ ಓದಿ.

ನಾವಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಅಮ್ಮ ಪಾಂಡವಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲೇ ಇದ್ದಾರೆ. ಶುಕ್ರವಾರ ಕೆಲಸ ಮುಗಿಸಿ, ಮಗಳಿಗೆ ಊಟ ಮಾಡಿಸಿ, ನಾವು ಮನೆ ಬಿಡುವಾಗ ರಾತ್ರಿ ಎಂಟು ದಾಟಿರುತ್ತದೆ. ಶ್ರೀರಂಗಪಟ್ಟಣದವರೆಗೆ ಚಿಂತೆಯಿಲ್ಲ. ಕಿರಂಗೂರಿನ ಹತ್ತಿರ ಹೆದ್ದಾರಿ ಬಿಟ್ಟು ಪಾಂಡವಪುರದ ಕಡೆ ತಿರುಗಿ, ಆಮೇಲೆ ಹಳ್ಳಿ ರಸ್ತೆಗೆ ಇಳಿದರೆ ಕತ್ತಲೆ. ಕೊನೆಯ ಮೂರು ಕಿಲೋಮೀಟರ್ ನಾಲೆ ಏರಿ ಮೇಲೆ. ಒಂದು ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ, ಇನ್ನೊಂದು ಕಡೆ ಗದ್ದೆ, ತಡೆಗೋಡೆ ಅಲ್ಲೊಂದು ಇಲ್ಲೊಂದು. 2018ರ ನವೆಂಬರಿನಲ್ಲಿ ಕನಗನಮರಡಿ ಹತ್ತಿರ ಬಸ್ ಇದೇ ನಾಲೆಗೆ ಬಿದ್ದು 30 ಜನ ಹೋದರು. ಅದು ಆದದ್ದು ಹಾಡುಹಗಲೇ. ಆ ದಿನದಿಂದ ರಾತ್ರಿ ನಾನು ಏರಿ ಮೇಲೆ ಗಾಡಿ ಓಡಿಸುವಾಗ ಅಮ್ಮ ಮಲಗುವುದಿಲ್ಲ, ಬಾಗಿಲಲ್ಲೇ ಕೂತಿರುತ್ತಾರೆ.

ನನ್ನ ಕಾರು 2010ರದು. ಸಣ್ಣ ಪೆಟ್ರೋಲ್ ಕಾರು. ಹೆಡ್‌ಲೈಟಿನ ಡೂಮ್, ಅಂದರೆ ಬಲ್ಬ್ ಕೂರುವ ಗಾಜು ಸಮೇತದ ಡಬ್ಬಿ, ಬಿಸಿಲಿಗೆ ಹಳದಿಯಾಗಿ, ಮೇಲೆ ಮಂಜು ಕೂತ ಹಾಗೆ ಆಗಿತ್ತು. ಲೈಟ್ ಮಂದ ಅಂತ ಗೊತ್ತಿತ್ತು, ಆದರೆ ದಿನಾ ಸ್ವಲ್ಪ ಸ್ವಲ್ಪ ಮಂದ ಆಗುವುದು ಕಣ್ಣಿಗೆ ಅಭ್ಯಾಸವಾಗಿಬಿಡುತ್ತದೆ.

2024ರ ನವೆಂಬರಿನ ಒಂದು ಶುಕ್ರವಾರ. ಏರಿಗೆ ಹತ್ತುವ ಮೊದಲು ಸಿಗುವ ತಿರುವಿನಲ್ಲಿ ಕಬ್ಬು ತುಂಬಿದ ಟ್ರೈಲರ್ ನಿಂತಿತ್ತು. ಟ್ರ್ಯಾಕ್ಟರ್ ಆಫ್ ಮಾಡಿ ಹುಡುಗರು ಚಕ್ರ ನೋಡುತ್ತಿದ್ದರು. ಹಿಂದೆ ಕೆಂಪು ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ, ಕಬ್ಬಿನ ಸೋಗೆ ನೆಲದವರೆಗೆ ಇಳಿಬಿದ್ದಿತ್ತು. ನನಗೆ ಅದು ಕಂಡದ್ದು ಹತ್ತು ಹನ್ನೆರಡು ಅಡಿ ಇರುವಾಗ. ಬ್ರೇಕ್ ತುಳಿದೆ, ಕಾರು ಒಂದು ಕಡೆ ಎಳೆದು ನಿಂತಿತು. ಸೋಗೆ ಬಾನೆಟ್ ಮೇಲೆ ಬಂದಿತ್ತು. ಹಿಂದೆ ಮಲಗಿದ್ದ ಮಗಳು ಕೆಳಕ್ಕೆ ಜಾರಿ ಹಣೆ ತಾಗಿಸಿಕೊಂಡು ಅತ್ತಳು. ಹೆಂಡತಿ ಒಂದು ಮಾತೂ ಆಡಲಿಲ್ಲ. ಮನೆ ತಲುಪಿದ ಮೇಲೆ ನನ್ನ ಕೈ ನಡುಗುತ್ತಿದ್ದದ್ದು ಅಮ್ಮನಿಗೆ ಕಾಣಬಾರದು ಅಂತ ಹಿತ್ತಲಿಗೆ ಹೋಗಿ ನಿಂತೆ. ಅವತ್ತೇ ನಿರ್ಧಾರ ಮಾಡಿದೆ, ಎಷ್ಟೇ ಖರ್ಚಾಗಲಿ, ಒಳ್ಳೆ ಲೈಟ್ ಹಾಕಿಸಬೇಕು.

ಮುಂದಿನ ವಾರ ಮೈಸೂರಿನ ಒಂದು ಕಾರ್ ಆಕ್ಸೆಸರೀಸ್ ಅಂಗಡಿಗೆ ಹೋದೆ. ಮೂರು ದಾರಿ ಹೇಳಿದರು. ಒಂದು, ಹೆಚ್ಚು ವ್ಯಾಟಿನ ಹ್ಯಾಲೊಜೆನ್ ಬಲ್ಬ್. ಎರಡು, ಎಲ್‌ಇಡಿ ಬಲ್ಬ್. ಮೂರು, ಜೆನಾನ್ ಕಿಟ್, ಅಂದರೆ ಎಚ್‌ಐಡಿ. ದೊಡ್ಡ ಕಾರುಗಳಲ್ಲಿ ಬರುವುದು ಇದೇ ಸರ್ ಅಂದರು. ಆ ಮಾತು ಸುಳ್ಳಲ್ಲ. 1991ರಲ್ಲಿ ಬಿಎಂಡಬ್ಲ್ಯು ತನ್ನ 7 ಸೀರೀಸ್ ಕಾರಿನಲ್ಲಿ ಮೊದಲು ಜೆನಾನ್ ತಂದಿತು, ಆಮೇಲೆ ಎಷ್ಟೋ ದುಬಾರಿ ಕಾರುಗಳಿಗೆ ಬಂತು. ಆದರೆ ಆ ಕಾರುಗಳಲ್ಲಿ ಬಲ್ಬಿನ ಜೊತೆಗೆ ಇನ್ನೂ ಏನೇನು ಬರುತ್ತದೆ ಅನ್ನುವುದನ್ನು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕಿಟ್ಟಿಗೆ 3,800, ಕೂಲಿ 500. ಡಬ್ಬಿಯಲ್ಲಿ ಎರಡು ಬಲ್ಬ್, ಎರಡು ಬ್ಯಾಲಾಸ್ಟ್ (ಅಂಗಡಿ ಹುಡುಗ ಚೋಕ್ ಅನ್ನುತ್ತಿದ್ದ), ರಿಲೇ (ಬ್ಯಾಟರಿಯಿಂದ ನೇರ ಕರೆಂಟ್ ಹರಿಸುವ ಸಣ್ಣ ಸ್ವಿಚ್ಚು) ಇರುವ ವೈರಿಂಗ್. ಜೆನಾನ್ ಬಲ್ಬಿನಲ್ಲಿ ನಮ್ಮ ಮಾಮೂಲಿ ಬಲ್ಬಿನ ಹಾಗೆ ತಂತಿ ಇರುವುದಿಲ್ಲ. ಸಣ್ಣ ಗಾಜಿನ ಗುಳ್ಳೆಯೊಳಗೆ ಜೆನಾನ್ ಅನಿಲ, ಎರಡು ಕಡ್ಡಿ. ಅವೆರಡರ ನಡುವೆ ಕಿಡಿ ಹತ್ತಿ ನಿಲ್ಲಬೇಕು. ಆ ಕಿಡಿ ಹತ್ತಿಸಲು 20,000 ವೋಲ್ಟಿಗಿಂತ ಜಾಸ್ತಿ ಬೇಕು, ಅದನ್ನು ಕೊಡುವುದೇ ಬ್ಯಾಲಾಸ್ಟ್. ಒಮ್ಮೆ ಹತ್ತಿದ ಮೇಲೆ 35 ವ್ಯಾಟಿನಲ್ಲಿ ಉರಿಯುತ್ತದೆ. ನನ್ನ ಹಳೇ ಎಚ್4 ಹ್ಯಾಲೊಜೆನ್ ಬಲ್ಬ್ ಲೋ ಬೀಮಿನಲ್ಲಿ (ಡಿಮ್ ಮಾಡಿದಾಗ) 55 ವ್ಯಾಟ್ ತಿಂದು ಸುಮಾರು 1,000 ಲ್ಯೂಮೆನ್ ಬೆಳಕು ಕೊಡುತ್ತಿತ್ತು, ಒಳ್ಳೆ ಜೆನಾನ್ 35 ವ್ಯಾಟಿಗೇ ಸುಮಾರು 3,000 ಕೊಡುತ್ತದೆ. ಈ ಲೆಕ್ಕ ಕೇಳಿದ ಮೇಲೆ ಬೇರೆ ಯೋಚನೆಯೇ ಬರಲಿಲ್ಲ.

ಇಲ್ಲಿ ಒಂದು ಮಾತು. ಬಣ್ಣ ಕೇಳುತ್ತಾರೆ. 4300 ಕೆಲ್ವಿನ್, 6000, 8000 ಅಂತ. ಸಂಖ್ಯೆ ಜಾಸ್ತಿ ಆದರೆ ಬೆಳಕು ಜಾಸ್ತಿ ಅಂತ ನಾನು ತಿಳಿದಿದ್ದೆ. ಹಾಗಲ್ಲ, ಅದು ಬರೀ ಬಣ್ಣ. ಕಂಪನಿಯಿಂದಲೇ ಜೆನಾನ್ ಬರುವ ಕಾರುಗಳಲ್ಲಿ ಇರುವುದು 4300ರ ಆಸುಪಾಸು. ಮೇಲೆ ಹೋದ ಹಾಗೆ ನೀಲಿಯಾಗುತ್ತದೆ, ರಸ್ತೆಗೆ ಬೀಳುವ ಬೆಳಕು ಕಡಿಮೆಯೇ ಆಗುತ್ತದೆ. ನನಗೆ ಕೊಟ್ಟದ್ದು 6000. ಎಲ್ಲರೂ ಇದನ್ನೇ ಹಾಕಿಸಿಕೊಳ್ಳೋದು ಸರ್ ಅಂದರು, ಒಪ್ಪಿದೆ.

ಹಾಕಲು ಎರಡು ಗಂಟೆ ಅಂದವರು ಐದು ಗಂಟೆ ಮಾಡಿದರು. ಡೂಮಿನ ಹಿಂದಿನ ರಬ್ಬರ್ ಮುಚ್ಚಳಕ್ಕೆ ತೂತು ಕೊರೆದರು. ಬ್ಯಾಲಾಸ್ಟನ್ನು ಡಬಲ್ ಟೇಪಿನಲ್ಲಿ ಅಂಟಿಸಲು ಹೊರಟಿದ್ದರು, ನಾನು ಹಟ ಮಾಡಿ ನಟ್ ಬೋಲ್ಟ್ ಹಾಕಿಸಿದೆ. ಹಾಕಿಸುವವರಿದ್ದರೆ ಇದನ್ನು ನೋಡಿಕೊಳ್ಳಿ, ಎಂಜಿನ್ ಬಿಸಿಗೆ ಟೇಪ್ ಬಿಟ್ಟು ಬಿದ್ದರೆ ಫ್ಯಾನಿಗೆ ಸಿಗುತ್ತದೆ. ಲೈಟ್ ಆನ್ ಇರುವಾಗ ಆ ವೈರಿಗೆ ಕೈ ಹಾಕಲೇಬೇಡಿ. ಸಂಜೆ ಹೊತ್ತಿಗೆ ಬಲಗಡೆಯದು ಉರಿಯಿತು, ಎಡಗಡೆಯದು ಉರಿಯಲಿಲ್ಲ. ಬ್ಯಾಲಾಸ್ಟ್ ಹೋಗಿದೆ, ಬೆಂಗಳೂರಿಂದ ಬೇರೆ ತರಿಸಬೇಕು ಅಂದರು. ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಅಂತ ಒಂಬತ್ತು ದಿನ. ಆ ಒಂಬತ್ತು ದಿನವೂ ಒಂದು ಕಡೆ ಹಳದಿ, ಒಂದು ಕಡೆ ಬಿಳಿ ಲೈಟಿನಲ್ಲಿ ಓಡಾಡಿದೆ. ಎರಡೂ ಸರಿಹೋದ ಮೇಲೆ ಲೈಟ್ ಹಾಕಿದರೆ ಎಫ್‌ಎಂ ರೇಡಿಯೊದಲ್ಲಿ ಗುಂಯ್ ಅನ್ನುವ ಸದ್ದು ಶುರುವಾಯಿತು. ಅದು ಕೊನೆವರೆಗೂ ಹೋಗಲಿಲ್ಲ.

ಮೊದಲ ರಾತ್ರಿ ಖುಷಿಯಾಯಿತು. ಲೈಟ್ ಹಾಕಿದ ಕೂಡಲೇ ಮಂದವಾಗಿ ಹತ್ತಿ, ನಾಲ್ಕೈದು ಸೆಕೆಂಡಿನಲ್ಲಿ ಪೂರ್ತಿ ಬೆಳ್ಳಗಾಗುತ್ತದೆ. ಗೇಟ್, ಕಾಂಪೌಂಡು, ಎದುರು ಮನೆಯ ಮಾವಿನ ಮರದ ಎಲೆ ಎಲೆಯೂ ಕಂಡಿತು. ಮರದ ಎಲೆ ಯಾಕೆ ಕಾಣಬೇಕು ಅಂತ ಅವತ್ತು ನನಗೆ ಹೊಳೆಯಲಿಲ್ಲ. ಹೆಡ್‌ಲೈಟ್ ಇರುವುದು ರಸ್ತೆಗೆ ಅಲ್ವಾ.

ಹೆದ್ದಾರಿಯಲ್ಲಿ ಪರವಾಗಿಲ್ಲ ಅನಿಸಿತು. ಪಾಂಡವಪುರದ ರಸ್ತೆಗೆ ಬಂದರೆ ಎದುರು ಬರುವವರೆಲ್ಲ ಡಿಮ್ ಡಿಪ್ ಮಾಡುತ್ತಿದ್ದರು. ನಾನು ಲೋ ಬೀಮಿನಲ್ಲೇ ಇದ್ದೆ. ಹೊಸ ಲೈಟ್ ನೋಡಿ ಹಾಗೆ ಮಾಡುತ್ತಾರೆ, ಅಭ್ಯಾಸ ಆಗುತ್ತದೆ ಅಂದುಕೊಂಡೆ. ಡಿಸೆಂಬರಿನಲ್ಲಿ ಒಂದು ದಿನ ಜಡಿಮಳೆ. ಒದ್ದೆ ಡಾಂಬರಿನ ಮೇಲೆ ಆ ಬಿಳಿ ಬೆಳಕು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಮುಂದೆ ಮಳೆಹನಿ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು, ಗುಂಡಿ ಕಾಣುತ್ತಿರಲಿಲ್ಲ. ಹಳೇ ಹಳದಿ ಲೈಟೇ ವಾಸಿ ಅನಿಸಿತು ಆ ದಿನ. ಮನಸ್ಸಿಗೆ ಸ್ವಲ್ಪ ಹಿಡಿಯಿತು, ಆದರೆ ನಾಲ್ಕು ಸಾವಿರ ಚಿಲ್ಲರೆ ಕೊಟ್ಟಿದ್ದೇನಲ್ಲ, ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ.

ಆಮೇಲೆ ಸಂಕ್ರಾಂತಿ. ಅವತ್ತು ಊರಲ್ಲಿ ಕಿಚ್ಚು ಹಾಯಿಸುತ್ತಾರೆ. ನಾವು ಮೈಸೂರು ಬಿಡುವುದು ತಡವಾಗಿ, ಏರಿ ಮೇಲೆ ಬರುವಾಗ ಏಳೂವರೆ. ಎದುರಿಂದ ಒಂದು ಟಿವಿಎಸ್ ಬರುತ್ತಿತ್ತು. ಹತ್ತಿರ ಬರುತ್ತಿದ್ದ ಹಾಗೆ ಅದು ಅತ್ತ ಇತ್ತ ಹೊಯ್ದಾಡಿ ನಿಂತಿತು. ಕುಡಿದಿರಬೇಕು ಅಂದುಕೊಂಡು ನಿಧಾನವಾಗಿ ಪಕ್ಕದಲ್ಲೇ ದಾಟಿಸಿಕೊಂಡು ಬಂದೆ.

ಅರ್ಧ ಗಂಟೆ ಆದ ಮೇಲೆ ಸೋದರಮಾವ ಮನೆಗೆ ಬಂದರು. ಪಂಚೆಯೆಲ್ಲ ಕೆಸರು, ಮೊಣಕೈ ತರಚಿತ್ತು. ಮಾವನಿಗೆ ಅರವತ್ತೆರಡು. ಜೀವನದಲ್ಲಿ ಒಂದು ತೊಟ್ಟು ಕುಡಿದವರಲ್ಲ. ಅಂಗಳದಲ್ಲಿ ನಿಂತಿದ್ದ ನನ್ನ ಕಾರನ್ನೇ ನೋಡುತ್ತಾ ಅಂದರು: "ನಿಂದೇ ಏನ್ಲಾ ಆ ಲೈಟು? ಕಣ್ಗೆ ಹೊಡೀತು ಕಣ್ಲಾ. ನಾಲೆ ಯಾವ್ ಕಡೆ ಅದೆ ಅಂತ್ಲೇ ತಿಳೀನಿಲ್ಲ. ಗದ್ದೆ ಕಡೆಗೇ ಬಿದ್ದೆ, ದೇವ್ರು ದೊಡ್ಡೋನು."

ನಾನು ಏನೂ ಹೇಳಲಿಲ್ಲ. ಹೇಳಲು ಏನಿತ್ತು. ಅಮ್ಮ ಅರಿಶಿನ ತರಲು ಒಳಗೆ ಹೋದರು. ನಾಲೆಗೆ ಬೀಳಬಾರದು ಅಂತ ಹಾಕಿಸಿದ ಲೈಟು ನಮ್ಮ ಮಾವನನ್ನೇ ನಾಲೆಗೆ ತಳ್ಳುತ್ತಿತ್ತು. ಆ ರಾತ್ರಿ ಎಳ್ಳು ಬೆಲ್ಲ ಬಾಯಿಗೆ ಹೋಗಲಿಲ್ಲ.

ಮರುದಿನ ಕತ್ತಲಾದ ಮೇಲೆ ತಮ್ಮನನ್ನು ಕಾರಿನಲ್ಲಿ ಕೂರಿಸಿ, ಲೋ ಬೀಮ್ ಹಾಕಲು ಹೇಳಿ, ನಾನು ಏರಿ ಮೇಲೆ ಐವತ್ತು ಹೆಜ್ಜೆ ನಡೆದು ತಿರುಗಿ ನಿಂತೆ. ಕಣ್ಣು ಬಿಡಲಾಗಲಿಲ್ಲ. ನನ್ನ ಕಾಲು ನನಗೇ ಕಾಣಲಿಲ್ಲ. ಯಾವ ಲೈಟ್ ಹಾಕಿಸಿದರೂ ಇದೊಂದು ಕೆಲಸ ಮೊದಲ ದಿನವೇ ಮಾಡಿ, ದಯವಿಟ್ಟು. ನಿಮ್ಮ ಕಾರಿನ ಎದುರು ನೀವೇ ನಿಂತು ನೋಡಿ.

ಯಾಕೆ ಹೀಗೆ ಅಂತ ಆಮೇಲೆ ತಿಳಿದುಕೊಂಡೆ. ಎಚ್4 ಬಲ್ಬಿನೊಳಗೆ ಎರಡು ತಂತಿ ಇರುತ್ತವೆ, ಲೋ ಬೀಮಿನ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು ಇರುತ್ತದೆ. ಆ ಬಟ್ಟಲು ಬೆಳಕಿನ ಒಂದು ಭಾಗವನ್ನು ತಡೆಯುವುದರಿಂದಲೇ ಅದು ಮೇಲಕ್ಕೆ ಹೋಗದೆ ರಸ್ತೆಗೆ ಬೀಳುತ್ತದೆ. ಡೂಮಿನೊಳಗಿನ ಕನ್ನಡಿಯನ್ನು ಮಾಡಿರುವುದೂ ಆ ತಂತಿ ಇರುವ ಜಾಗದ ಲೆಕ್ಕದಲ್ಲಿ, ಕೂದಲೆಳೆ ಆಚೀಚೆ ಆದರೂ ಬೆಳಕು ಎಲ್ಲೋ ಹೋಗುತ್ತದೆ. ಜೆನಾನ್ ಬಲ್ಬಿನ ಕಿಡಿಯ ಆಕಾರ ಬೇರೆ, ಜಾಗ ಬೇರೆ. ಹಾಗಾಗಿ ಮೂರು ಪಟ್ಟು ಬೆಳಕು ನಾಲ್ಕೂ ಕಡೆ ಚೆಲ್ಲುತ್ತದೆ. ಎದುರಿನವರ ಕಣ್ಣಿಗೆ, ಮರಕ್ಕೆ, ಮಳೆಹನಿಗೆ. ನಿಮ್ಮ ಡೂಮಿನ ಗಾಜಿನ ಮೇಲೆ ಸಣ್ಣ ಅಕ್ಷರದಲ್ಲಿ ಎಚ್‌ಸಿಆರ್ ಅಂತಿದ್ದರೆ ಅದು ಹ್ಯಾಲೊಜೆನ್‌ಗೆ ಮಾಡಿದ್ದು. ಜೆನಾನ್‌ಗೆ ಮಾಡಿದ್ದಾದರೆ ಡಿಸಿಆರ್ ಅಂತ ಇರುತ್ತದೆ. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ.

ಅದೇ ತಿಂಗಳು ಮೈಸೂರಿನಲ್ಲಿ ರಾತ್ರಿ ತಪಾಸಣೆಯಲ್ಲಿ ಟ್ರಾಫಿಕ್ ಪೊಲೀಸರು ನಿಲ್ಲಿಸಿ 500 ರೂಪಾಯಿ ರಸೀದಿ ಹರಿದರು. 2024ರ ಜುಲೈಯಿಂದ ಕಣ್ಣು ಕುಕ್ಕುವ ಲೈಟುಗಳ ಮೇಲೆ ರಾಜ್ಯದ ಪೊಲೀಸರು ಕೇಸು ಹಾಕುತ್ತಿದ್ದಾರೆ. ವಾದ ಮಾಡಲಿಲ್ಲ, ಕಟ್ಟಿ ಬಂದೆ.

ಅಲ್ಲಿಗೇ ಕಿಟ್ ಕಿತ್ತು ಹಳೇ ಬಲ್ಬ್ ಹಾಕಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಕಬ್ಬಿನ ಟ್ರೈಲರ್ ಕಣ್ಣ ಮುಂದಿಂದ ಹೋಗಿರಲಿಲ್ಲ. ಬಲ್ಬಿಗೆ ತಕ್ಕ ಪ್ರೊಜೆಕ್ಟರ್ ಹಾಕಿಸಿದರೆ ಎದುರಿನವರಿಗೆ ಹೊಡೆಯುವುದಿಲ್ಲ ಅಂತ ಒಬ್ಬ ಗೆಳೆಯ ಹೇಳಿದ. ರಿಂಗ್ ರೋಡಿನ ಹತ್ತಿರ ಹೆಡ್‌ಲೈಟ್ ಕೆಲಸವನ್ನೇ ಮಾಡುವ ಒಬ್ಬರಿದ್ದರು, ಸಣ್ಣ ಶೆಡ್ಡು. ಕೆಲಸ ಬಲ್ಲವರು. 16,500 ಹೇಳಿದರು, ಮೂರು ದಿನ ಕಾರು ಬಿಡಬೇಕು.

ಕೆಲಸ ನೋಡಲು ಎರಡು ದಿನ ಅಲ್ಲೇ ಕೂತಿದ್ದೆ. ಡೂಮನ್ನು ಕಾರಿಂದ ಬಿಚ್ಚಿ, ಓವನ್ನಿನಲ್ಲಿ ಇಟ್ಟು ಬಿಸಿ ಮಾಡುತ್ತಾರೆ. ಗಾಜು ಅಂಟಿಸಿದ ಕಪ್ಪು ಅಂಟು ಮೆತ್ತಗಾದ ಮೇಲೆ ಸ್ಕ್ರೂಡ್ರೈವರ್ ತೂರಿಸಿ ಸುತ್ತಲೂ ನಿಧಾನವಾಗಿ ಎತ್ತುತ್ತಾರೆ. ಬಿಸಿ ಜಾಸ್ತಿಯಾದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಕಡಿಮೆಯಾದರೆ ಗಾಜು ಬಿರುಕು ಬಿಡುತ್ತದೆ. ಒಳಗಿನ ಕನ್ನಡಿಯಂತೆ ಹೊಳೆಯುವ ಬಟ್ಟಲಿನಲ್ಲಿ ಬಲ್ಬಿನ ತೂತನ್ನು ಕೊರೆದು ದೊಡ್ಡದು ಮಾಡಿ ಪ್ರೊಜೆಕ್ಟರ್ ಕೂರಿಸಿದರು. ಪ್ರೊಜೆಕ್ಟರಿನೊಳಗೆ ಒಂದು ತಗಡಿನ ಪರದೆ ಇರುತ್ತದೆ. ಲೋ ಬೀಮಿನಲ್ಲಿ ಅದು ಎದ್ದು ನಿಂತು ಬೆಳಕಿನ ಮೇಲ್ಭಾಗವನ್ನು ಕತ್ತರಿಸುತ್ತದೆ, ಹೈ ಬೀಮ್ ಹಾಕಿದರೆ ಟಕ್ ಅಂತ ಮಲಗುತ್ತದೆ.

ಬಟ್ಟಲು ಕೊರೆಯುವಾಗ ನಾನು ಕೇಳಬೇಕಿದ್ದ ಪ್ರಶ್ನೆ ಒಂದಿತ್ತು, ಇದನ್ನು ಮತ್ತೆ ಮೊದಲಿನ ಹಾಗೆ ಮಾಡಬಹುದಾ ಅಂತ. ಕೇಳಲಿಲ್ಲ. ಅದರ ಬೆಲೆ ಮುಂದೆ ಕಟ್ಟಿದೆ.

ಮೂರನೇ ದಿನ ಸಂಜೆ ಗೋಡೆಯ ಎದುರು ಕಾರು ನಿಲ್ಲಿಸಿ ಲೈಟ್ ಹಾಕಿದರು. ಗೋಡೆ ಮೇಲೆ ಚಾಕುವಿನಿಂದ ಕತ್ತರಿಸಿದ ಹಾಗೆ ಗೆರೆ. ಗೆರೆಯ ಕೆಳಗೆ ಬೆಳಕು, ಮೇಲೆ ಕತ್ತಲೆ. ಮಾವನ ಕಣ್ಣಿಗೆ ಇನ್ನು ಹೊಡೆಯುವುದಿಲ್ಲ ಅಂತ ಎದೆ ಹಗುರಾಯಿತು. ಆದರೆ ಆ ಗೆರೆ ಒಂದು ಕಡೆ ಮೆಟ್ಟಿಲಿನ ಹಾಗೆ ಮೇಲೇರಿತ್ತು, ಬಲಗಡೆಗೆ. ನಾವು ಓಡಿಸುವುದು ಎಡಗಡೆ. ಮೇಲೇರುವ ಬೆಳಕು ಎಡಕ್ಕೆ ಬೀಳಬೇಕು, ರಸ್ತೆ ಬದಿ ನಡೆಯುವವರು, ಬೋರ್ಡು ಕಾಣಲಿ ಅಂತ. ಇದು ಬಲಗಡೆ ಓಡಿಸುವ ದೇಶಗಳಿಗೆ ಮಾಡಿದ ಮಾಲು. ಹಾಗೇ ಹಾಕಿಕೊಂಡು ಹೋದರೆ ಮೇಲೇರುವ ಭಾಗ ನೇರ ಎದುರಿನವರ ಮುಖಕ್ಕೆ. ಶೆಡ್ಡಿನವರು ಅದನ್ನು ನೋಡಿದ ಕೂಡಲೇ ತಪ್ಪು ಒಪ್ಪಿಕೊಂಡು ವಾಪಸ್ ಕಳಿಸಿದರು. ಕೊರಿಯರ್ ಖರ್ಚು 350 ನನ್ನದಾಯಿತು. ಸರಿಯಾದದ್ದು ಬರಲು ಇಪ್ಪತ್ತಮೂರು ದಿನ ಕಾಯಬೇಕಾಯಿತು, ಅಲ್ಲಿಯವರೆಗೆ ಕಾರು ಹೆಡ್‌ಲೈಟಿಲ್ಲದೆ ಶೆಡ್ಡಿನಲ್ಲಿ. ಪ್ರತಿ ಶುಕ್ರವಾರ ಬಸ್ಸಿನಲ್ಲಿ ಊರಿಗೆ ಹೋದೆವು. ಮಗಳಿಗೆ ಅದೇ ಇಷ್ಟವಾಗಿತ್ತು.

ಫೋಕಸ್ ಸೆಟ್ ಮಾಡುವುದನ್ನು ಅಲ್ಲೇ ಕಲಿತೆ. ಇದು ಯಾವ ಲೈಟಿಗೂ ಉಪಯೋಗಕ್ಕೆ ಬರುತ್ತದೆ. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿ. ಚಕ್ರಗಳಿಗೆ ಗಾಳಿ ಸರಿಯಾಗಿರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ. ಬಲ್ಬಿನ ಮಧ್ಯಭಾಗ ನೆಲದಿಂದ ಎಷ್ಟು ಎತ್ತರ ಇದೆಯೋ ಅಷ್ಟೇ ಎತ್ತರಕ್ಕೆ ಗೋಡೆ ಮೇಲೆ ಟೇಪ್ ಅಂಟಿಸಿ. ಲೋ ಬೀಮಿನ ಗೆರೆ ಆ ಟೇಪಿಗಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬರಬೇಕು. ಸ್ಟೀರಿಂಗ್ ಪಕ್ಕ 0, 1, 2, 3 ಅಂತ ಬರೆದ ಸಣ್ಣ ಚಕ್ರ ಇದ್ದರೆ ಅದನ್ನು 0ಗೆ ಇಟ್ಟು ಸೆಟ್ ಮಾಡಿ. ಹಿಂದೆ ಜನ, ಅಕ್ಕಿ ಮೂಟೆ ತುಂಬಿದಾಗ ಕಾರಿನ ಮೂತಿ ಮೇಲೇಳುತ್ತದಲ್ಲ, ಆಗ ಲೈಟನ್ನು ಕೆಳಕ್ಕಿಳಿಸಲು ಅದಿರುವುದು. ನಾನು ಎಷ್ಟೋ ವರ್ಷ ಅದನ್ನು ಮುಟ್ಟಿಯೇ ಇರಲಿಲ್ಲ, ನೋಡಿದರೆ 3ರಲ್ಲಿತ್ತು! ಅಂದರೆ ಕಬ್ಬಿನ ಟ್ರೈಲರ್ ಎದುರಾದ ರಾತ್ರಿಯೂ ನನ್ನ ಲೈಟು ಸುಮ್ನೆ ನೆಲ ನೋಡುತ್ತಿತ್ತು.

ಏಪ್ರಿಲ್‌ನಿಂದ ಜುಲೈವರೆಗೆ ಆ ಪ್ರೊಜೆಕ್ಟರಿನಲ್ಲಿ ಓಡಿಸಿದೆ. ಬೆಳಕು ನಿಜಕ್ಕೂ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಮಾವ ಟಿವಿಎಸ್‌ನಲ್ಲಿ ಎದುರು ಬಂದು ಪರೀಕ್ಷೆ ಮಾಡಿ, "ಈಗ ಪರ್ವಾಗಿಲ್ಲ ಕಣಪ್ಪ" ಅಂದರು. ಮೇ ತಿಂಗಳ ಮಳೆಗೆ ಎಡಗಡೆ ಡೂಮಿನೊಳಗೆ ನೀರಾವಿ ಕಟ್ಟಿತು, ಅಂಟು ಒಂದು ಮೂಲೆಯಲ್ಲಿ ಬಿಟ್ಟಿತ್ತು. ಮತ್ತೆ ಬಿಚ್ಚಿ ಅಂಟಿಸಲು 600.

ಇಷ್ಟರಲ್ಲಿ ಕಾರಿಗೆ ಹದಿನೈದು ವರ್ಷ ತುಂಬುತ್ತಾ ಬಂತು. ಸ್ವಂತ ಕಾರಿನ ಆರ್‌ಸಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಅವಧಿ ಮುಗಿಯುವ 60 ದಿನ ಮೊದಲಿಂದ ಅರ್ಜಿ ಹಾಕಬಹುದು, ಫಾರಂ 25. ಪರಿವಾಹನ್ ವೆಬ್‌ಸೈಟಿನಲ್ಲಿ ತುಂಬಿ ದುಡ್ಡು ಕಟ್ಟಿದೆ. 2022ರ ಏಪ್ರಿಲ್‌ನಿಂದ ಕಾರಿಗೆ ಇದರ ಶುಲ್ಕ 5,000 ಆಗಿತ್ತು, ನಾನು ಕಟ್ಟಿದ್ದೂ ಅಷ್ಟೇ, ಕಾರ್ಡಿನ ದುಡ್ಡು, ಹಸಿರು ತೆರಿಗೆ ಬೇರೆ. ತಡ ಮಾಡಿದರೆ ತಿಂಗಳಿಗೆ 500 ದಂಡ. ಹಳೇ ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ, ಎಮಿಷನ್ ಸರ್ಟಿಫಿಕೇಟು, ಆಧಾರ್, ಪ್ಯಾನ್, ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದ ಗುರುತು, ಎಲ್ಲ ಜೋಡಿಸಿಕೊಂಡು ಬೆಳಿಗ್ಗೆ ಒಂಬತ್ತಕ್ಕೇ ಗಾಡಿ ಸಮೇತ ಆರ್‌ಟಿಒಗೆ ಹೋದೆ. ಸರದಿ ಬಂದದ್ದು ಹನ್ನೆರಡೂವರೆಗೆ.

ಬ್ರೇಕ್ ಇನ್‌ಸ್ಪೆಕ್ಟರ್ ಹಾರ್ನ್, ಇಂಡಿಕೇಟರ್, ವೈಪರ್ ನೋಡಿದರು. ಹೆಡ್‌ಲೈಟ್ ಹಾಕಿ ಅಂದರು. ಹಾಕಿದೆ. ಬಾನೆಟ್ ತೆಗೆಯಿರಿ ಅಂದರು. ಬ್ಯಾಲಾಸ್ಟ್ ತೋರಿಸಿ "ಇದು ಕಂಪನಿದಾ?" ಅಂತ ಕೇಳಿದರು. ಇಲ್ಲ ಸರ್, ಆದರೆ ಎದುರಿನವರಿಗೆ ಹೊಡೆಯಲ್ಲ, ಗೋಡೆ ಮೇಲೆ ನೋಡಿ ಅಂದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಸಮಾಧಾನವಾಗಿ ಹೇಳಿದರು, "ಚೆನ್ನಾಗಿರಬಹುದು ರೀ. ಆದ್ರೆ ಕಂಪನಿ ಕೊಟ್ಟಿದ್ದನ್ನ ಬದಲಾಯಿಸೋ ಹಾಗಿಲ್ಲ. ಒರಿಜಿನಲ್ ಹಾಕ್ಕೊಂಡು ಬನ್ನಿ, ಮಾಡಿಕೊಡ್ತೀನಿ."

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು ಅದನ್ನೇ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಹೀಗೆ ಬದಲಾಯಿಸಿದ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಕಂಪನಿಯೇ ಜೆನಾನ್ ಕೊಟ್ಟಿದ್ದರೆ ಚಿಂತೆಯಿಲ್ಲ. ಯುರೋಪಿನ ನಿಯಮದಲ್ಲಿ ಅಂಥ ಪ್ರಖರ ಜೆನಾನ್ ಕಾರುಗಳಿಗೆ, ಭಾರ ಹೆಚ್ಚಾದಾಗ ಲೈಟನ್ನು ತಾನಾಗಿಯೇ ಇಳಿಸುವ ವ್ಯವಸ್ಥೆ, ಗಾಜು ತೊಳೆಯುವ ನೀರಿನ ನಳಿಕೆ ಎರಡೂ ಇರಬೇಕು. ಅಂಗಡಿಯಲ್ಲಿ ನನಗೆ ಯಾರೂ ಹೇಳದೆ ಬಿಟ್ಟದ್ದು ಅದೇ.

ಒರಿಜಿನಲ್ ಹಾಕೋಣ ಅಂದರೆ ಎಲ್ಲಿದೆ? ಬಟ್ಟಲು ಕೊರೆದಾಗಿತ್ತು. ಹೊಸ ಡೂಮ್ ಕೊಳ್ಳಬೇಕು. ಹಳೇ ಮಾಡೆಲ್ ಆದ್ದರಿಂದ ಮೈಸೂರಿನಲ್ಲಿ ಎಡಗಡೆಯದು ಮಾತ್ರ ಸಿಕ್ಕಿತು, ಬಲಗಡೆಯದು ಹನ್ನೊಂದು ದಿನ ಬಿಟ್ಟು ಬಂತು. ಒಂದಕ್ಕೆ 2,850. ಅವಧಿ ಮುಗಿಯಲು ಎಂಟೇ ದಿನ ಉಳಿದಿತ್ತು, ಆ ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ.

ಡೂಮ್ ಹಾಕುವಾಗ ನಮ್ಮ ಬಡಾವಣೆಯ ಹಳೇ ಎಲೆಕ್ಟ್ರಿಷಿಯನ್ ಒಬ್ಬರು, ವಯಸ್ಸಾದವರು, ಮಲ್ಟಿಮೀಟರ್ ಹಿಡಿದು ತೋರಿಸಿದರು. ಎಂಜಿನ್ ಆನ್ ಇದ್ದಾಗ ಬ್ಯಾಟರಿಯಲ್ಲಿ 14.1 ವೋಲ್ಟ್, ಬಲ್ಬಿನ ಹೋಲ್ಡರಿನಲ್ಲಿ 12.4. ಹದಿನೈದು ವರ್ಷದ ಸಣ್ಣ ವೈರು, ಸವೆದ ಸ್ವಿಚ್ಚು, ದಾರಿಯಲ್ಲೇ ತಿಂದು ಹಾಕುತ್ತಿತ್ತು. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಬಿದ್ದುಹೋಗುತ್ತದೆ. "ಬಲ್ಬ್ ತಪ್ಪಲ್ಲ ಸಾರ್, ಅದಕ್ಕೆ ಊಟ ಸಿಕ್ತಾ ಇಲ್ಲ" ಅಂದರು. ಬ್ಯಾಟರಿಯಿಂದ ನೇರ ದಪ್ಪ ವೈರು ಎಳೆದು ಎರಡು ರಿಲೇ, ಫ್ಯೂಸ್ ಹಾಕಿ 1,100 ತೆಗೆದುಕೊಂಡರು. ಹೊಸ 60/55 ವ್ಯಾಟ್ ಬಲ್ಬ್ ಎರಡಕ್ಕೆ 640. ರಿಲೇ ಹಾಕಿಸಿದ್ದೇವೆ ಅಂತ 90/100 ವ್ಯಾಟ್ ಹಾಕಬೇಡಿ, ಹೋಲ್ಡರ್ ಕರಗುತ್ತದೆ, ಡೂಮಿನ ಒಳಗೆ ಕಪ್ಪಾಗುತ್ತದೆ.

ಗೋಡೆ ಎದುರು ನಾನೇ ಫೋಕಸ್ ಸೆಟ್ ಮಾಡಿದೆ. ಮರುದಿನ ಆರ್‌ಟಿಒ. ಅದೇ ಇನ್‌ಸ್ಪೆಕ್ಟರ್, ನೋಡಿ ತಲೆಯಾಡಿಸಿ ಸಹಿ ಹಾಕಿದರು.

ಆ ಶುಕ್ರವಾರ ಏರಿ ಮೇಲೆ ಹೋಗುವಾಗ ನನಗೆ ಅಳು ಬರುವ ಹಾಗಾಯಿತು. ಅಷ್ಟು ಚೆನ್ನಾಗಿ ಕಾಣುತ್ತಿತ್ತು. ಜೆನಾನ್ ಪ್ರೊಜೆಕ್ಟರಿನಷ್ಟು ಪ್ರಖರ ಇಲ್ಲ, ನಿಜ. ಆದರೆ ನನಗೆ ಬೇಕಿದ್ದ ಬೆಳಕು ಅಷ್ಟೇ. ತಿಳಿ ಡೂಮ್, ರಿಲೇ, ಬಲ್ಬ್ ಸೇರಿ 7,440 ರೂಪಾಯಿ. ಇಷ್ಟನ್ನು ಮೊದಲೇ ಮಾಡಿಸಿದ್ದರೆ ಮಾವ ಗದ್ದೆಗೆ ಬೀಳುತ್ತಿರಲಿಲ್ಲ. ಆರ್‌ಸಿ ಖರ್ಚು ಬಿಟ್ಟು ಒಟ್ಟು ಹೋದದ್ದು 29,690. ಪ್ರೊಜೆಕ್ಟರನ್ನು ಶೆಡ್ಡಿನವರೇ 6,000ಕ್ಕೆ ವಾಪಸ್ ತಗೊಂಡರು. ಡೂಮ್ ಪೂರ್ತಿ ಹಳದಿಯಾಗಿಲ್ಲದಿದ್ದರೆ ಹೊಸದೂ ಬೇಡ, ಪಾಲಿಶ್ ಮಾಡಿಸಿದರೆ ಸಾಕು.

ಇನ್ನೊಂದು ಕೆಲಸ ನಡೆಯುತ್ತಿದೆ. ಆ ರಾತ್ರಿ ನನಗೆ ಕಾಣದೇ ಇದ್ದದ್ದು ಟ್ರೈಲರ್ ಅಲ್ವಾ. ಆರ್‌ಟಿಒಗೆ ಹೋದಾಗ ಲಾರಿಗಳಿಗೆ ಅಂಟಿಸುವ 50 ಮಿಲಿಮೀಟರ್ ಅಗಲದ ಹೊಳೆಯುವ ಟೇಪ್ ಮಾರುತ್ತಿದ್ದದ್ದು ಕಂಡಿತ್ತು. ಕೆಂಪು, ಹಳದಿ ಎರಡೂ ರೋಲ್ ತಂದು ಮಾವನಿಗೆ ತೋರಿಸಿದೆ. ಹಿಂದಕ್ಕೆ ಕೆಂಪು, ಪಕ್ಕಕ್ಕೆ ಹಳದಿ. ಮಾವನೇ ಮನೆ ಮನೆಗೆ ಕರೆದುಕೊಂಡು ಹೋದರು. ಟ್ರೈಲರಿನ ಹಿಂದಿನ ಪಟ್ಟಿಯನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಅಂಟಿಸಬೇಕು, ಮಣ್ಣಿದ್ದರೆ ಎರಡೇ ದಿನಕ್ಕೆ ಕಿತ್ತು ಬರುತ್ತದೆ. ಸೋಗೆ ಮುಚ್ಚಿಹಾಕದ ಹಾಗೆ ಕೆಳಗಿನ ಪಟ್ಟಿಗೂ ಒಂದು ತುಂಡು. ನಮ್ಮೂರಲ್ಲಿ ಹದಿನೈದು ಟ್ರೈಲರ್ ಇವೆ. ಹನ್ನೊಂದಕ್ಕೆ ಅಂಟಿಸಿ ಆಯಿತು, ನಾಲ್ಕು ಕಬ್ಬು ಹೊತ್ತು ಕಾರ್ಖಾನೆ ಸರದಿಯಲ್ಲಿ ನಿಂತಿವೆ, ಭಾನುವಾರ ಬರುತ್ತವಂತೆ.